ಆಸ್ಪತ್ರೆ ಮಷೀನಿನ ಸರ್ವಿಸ್ ಮ್ಯಾನುಯಲ್ ಹುಡುಕಿ ತೆಗೆಯುವ ಬಗೆ

ಚಿಂಚೋಳಿ, ಔರಾದ್ ಇಲ್ಲವೇ ಸುರಪುರದ ಆಸ್ಪತ್ರೆಯಲ್ಲಿ ಕಫ, ರಕ್ತ ಎಳೆದು ತೆಗೆಯುವ ಸಕ್ಷನ್ ಮಷೀನೋ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಆಕ್ಸಿಜನ್ ಕಾನ್ಸಂಟ್ರೇಟರೋ ಕೆಟ್ಟು ನಿಂತರೆ ಕಂಪನಿಯ ಇಂಜಿನಿಯರ್ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ವಾರಂಟಿ ಮುಗಿದಿದ್ದರೆ ಅವರು ಬಂದುಹೋಗುವ ಖರ್ಚೂ ಆಸ್ಪತ್ರೆಯ ತಲೆಗೇ. ದೋಷವೋ ಬಹಳ ಸಲ ಫ್ಯೂಸು, ಫಿಲ್ಟರು, ಪ್ರೋಬು, ಬ್ಯಾಟರಿ, ಕೆಪಾಸಿಟರು ಇಷ್ಟರಲ್ಲೇ ಇರುತ್ತದೆ. ಎಲೆಕ್ಟ್ರಾನಿಕ್ಸ್ ಬಲ್ಲ ಐಟಿಐ, ಡಿಪ್ಲೊಮಾ ಹುಡುಗರು ಊರಲ್ಲೇ ಇದ್ದಾರೆ. ಅವರಿಗೆ ಆ ಮಷೀನಿನ ಸರ್ವಿಸ್ ಮ್ಯಾನುಯಲ್, ಅಂದರೆ ರಿಪೇರಿಯ ಕೈಪಿಡಿ, ಸಿಕ್ಕರೆ ಸಾಕು, ಅರ್ಧ ಕೆಲಸ ಆದಂತೆಯೇ.

ಮ್ಯಾನುಯಲ್‌ಗಳು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿವೆ, ಹೆಚ್ಚಿನವು ಪುಕ್ಕಟೆ. ಆದರೂ ಸಿಗುತ್ತಿಲ್ಲ ಎಂದು ಜನ ಕೈಚೆಲ್ಲುವುದು ಯಾಕೆಂದರೆ, ಮುಂದೆ ನಿಂತ ಮಷೀನು ನಿಜಕ್ಕೂ ಯಾವುದು ಎಂಬುದನ್ನೇ ಖಚಿತ ಮಾಡಿಕೊಂಡಿರುವುದಿಲ್ಲ. ಹಾಗಾಗಿ ಗೂಗಲ್ ತೆರೆಯುವ ಮುಂಚೆ ಒಂದು ಟಾರ್ಚು, ಒಂದು ಒಣ ಬಟ್ಟೆ ಹಿಡಿದು ಮಷೀನಿನ ಹಿಂದೆ ಹೋಗಿ.

ಹಿಂಬದಿಯ ಲೇಬಲ್

ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರುವ ಹೆಸರನ್ನು ನಂಬಬೇಡಿ. ಅದು ಎಷ್ಟೋ ಸಲ ಮಾರಿದವರ ಹೆಸರು, ತಯಾರಿಸಿದವರದ್ದಲ್ಲ. ಚೀನಾದಲ್ಲಿ ತಯಾರಾದ ಒಂದೇ ಮಾನಿಟರ್ ನಾಲ್ಕು ಹೆಸರಿನಲ್ಲಿ ನಮ್ಮ ಮಾರುಕಟ್ಟೆಗೆ ಬರುತ್ತದೆ. ಹಿಂಬದಿಯ ಅಥವಾ ತಳದ ಲೇಬಲ್ಲಿನಲ್ಲಿ ಎರಡು ಸಾಲು ಬೇರೆ ಬೇರೆ ಇರುತ್ತವೆ: ತಯಾರಿಸಿದವರು, ಮಾರಾಟಗಾರರು ಅಥವಾ ಆಮದುದಾರರು. 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಆಮದು ಮಾಡಿದ ಸಾಧನದ ಮೇಲೆ ಆಮದು ಪರವಾನಗಿ ಸಂಖ್ಯೆ, ಆಮದುದಾರನ ವಿಳಾಸ, ಮೂಲ ತಯಾರಕನ ವಿಳಾಸ ಇರಬೇಕು. ಆ ಮೂಲ ತಯಾರಕನ ಹೆಸರಿನಲ್ಲಿ ಹುಡುಕಿ.

ಲೇಬಲ್ಲಿನ ಚಿಹ್ನೆಗಳನ್ನೂ ತಿಳಿದುಕೊಳ್ಳಿ. ಕಪ್ಪು ತುಂಬಿದ ಕಾರ್ಖಾನೆಯ ಚಿತ್ರದ ಪಕ್ಕದಲ್ಲಿರುವುದು ತಯಾರಕನ ಹೆಸರು. ಬರೀ ಗೆರೆಯಲ್ಲಿ ಬರೆದ ಕಾರ್ಖಾನೆಯ ಪಕ್ಕದಲ್ಲಿರುವುದು ತಯಾರಾದ ದಿನಾಂಕ. ಚೌಕದೊಳಗೆ ಎಸ್‌ಎನ್ ಎಂದಿದ್ದರೆ ಸೀರಿಯಲ್ ನಂಬರ್, ಆರ್‌ಇಎಫ್ ಎಂದಿದ್ದರೆ ಕ್ಯಾಟಲಾಗ್ ನಂಬರ್. ಮಾಡೆಲ್ ಹೆಸರಿನಿಂದ ಏನೂ ಸಿಗದಿದ್ದಾಗ ಈ ಕ್ಯಾಟಲಾಗ್ ನಂಬರ್ ಕೆಲಸಕ್ಕೆ ಬರುತ್ತದೆ.

ಹೊಸ ಮಷೀನುಗಳಲ್ಲಿ ಚೌಕಾಕಾರದ ಚಿಕ್ಕ ಬಾರ್‌ಕೋಡ್ ಇದ್ದು, ಕೆಳಗೆ ಆವರಣದಲ್ಲಿ 01 ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಆ 01ರ ನಂತರದ 14 ಅಂಕಿ ಸಾಧನದ ಗುರುತು. 11ರ ನಂತರದ್ದು ತಯಾರಾದ ದಿನಾಂಕ, 21ರ ನಂತರದ್ದು ಸೀರಿಯಲ್. ಈ 14 ಅಂಕಿಯನ್ನು ಅಮೆರಿಕದ ಔಷಧ ಮತ್ತು ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಾಧನ ಪಟ್ಟಿ ಇರುವ ಆಕ್ಸೆಸ್ ಗುಡಿಡ್ ತಾಣದಲ್ಲಿ ಹಾಕಿದರೆ, ಆ ಸಾಧನ ಅಲ್ಲಿಯೂ ಮಾರಾಟವಾಗಿದ್ದ ಪಕ್ಷದಲ್ಲಿ, ಕಂಪನಿಯ ಹೆಸರೂ ಸರಿಯಾದ ಮಾಡೆಲ್ಲೂ ಸಿಗುತ್ತವೆ.

ಲೇಬಲ್ ಉಜ್ಜಿಹೋಗಿದ್ದರೆ ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ, ಮಾಸಿದ ಅಕ್ಷರವೂ ಎದ್ದು ಕಾಣುತ್ತದೆ. ಸ್ಪಿರಿಟ್ ಹಾಕಿ ಒರೆಸಬೇಡಿ, ಉಳಿದ ಶಾಯಿಯೂ ಹೋಗುತ್ತದೆ. ಬ್ಯಾಟರಿ ಖಾನೆಯ ಒಳಗೆ ಇನ್ನೊಂದು ಲೇಬಲ್ ಇರುವುದುಂಟು. ಮಾನಿಟರ್, ಇಸಿಜಿ, ಇನ್‌ಫ್ಯೂಷನ್ ಪಂಪುಗಳು ಚಾಲೂ ಆಗುವಾಗ ಮೊದಲ ಪರದೆಯಲ್ಲಿ ಮಾಡೆಲ್ ಮತ್ತು ಸಾಫ್ಟ್‌ವೇರ್ ಆವೃತ್ತಿ ತೋರಿಸುತ್ತವೆ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಆಮೇಲೆ ನಿಲ್ಲಿಸಿ ನೋಡಿ. ಫೋಟೊಗಳನ್ನು ಬೇರೆಯವರಿಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಸೀರಿಯಲ್ ನಂಬರಿನ 8 ಯಾವುದು 3 ಯಾವುದು ತಿಳಿಯುವುದಿಲ್ಲ.

ಒಳಗಿನ ಬೋರ್ಡಿನ ಮೇಲಿನ ಬರಹದಲ್ಲಿ ದಾರಿ ತಪ್ಪುವವರು ಬಹಳ. 94ವಿ-0 ಎಂದು ಬರೆದದ್ದನ್ನು ಮಾಡೆಲ್ ನಂಬರ್ ಅಂದುಕೊಂಡು ಗಂಟೆಗಟ್ಟಲೆ ಹುಡುಕುತ್ತಾರೆ. ಅದು ಬೋರ್ಡು ಬೆಂಕಿಗೆ ಹೇಗೆ ತಡೆಯುತ್ತದೆ ಎಂಬ ದರ್ಜೆ, ಟಿವಿ ಬೋರ್ಡಿನ ಮೇಲೂ ಇರುತ್ತದೆ. ಇ ಅಕ್ಷರದ ನಂತರ ಆರು ಅಂಕಿ ಇದ್ದರೆ ಅದು ಸುರಕ್ಷತೆ ಪರೀಕ್ಷಿಸುವ ಯುಎಲ್ ಸಂಸ್ಥೆಯ ಫೈಲ್ ನಂಬರ್, ಬೋರ್ಡು ಮುದ್ರಿಸಿದ ಕಾರ್ಖಾನೆಗೆ ಸೇರಿದ್ದು. 1842 ಎಂಬಂಥ ನಾಲ್ಕು ಅಂಕಿ 2018ರ 42ನೇ ವಾರ ಎಂಬುದನ್ನು ಹೇಳುತ್ತದೆ. ಇವನ್ನು ಬಿಟ್ಟು ಉಳಿದ ಉದ್ದನೆಯ ನಂಬರ್, ಅದರ ಜೊತೆ ರೆವ್ ಎಂದೋ ವರ್ ಎಂದೋ (ಆವೃತ್ತಿ) ಇದ್ದರೆ, ಅದು ಬೋರ್ಡಿನ ಪಾರ್ಟ್ ನಂಬರ್. ಅದನ್ನು ಹುಡುಕಿ.

ಯಾವ ಮ್ಯಾನುಯಲ್ ಬೇಕು

ಯೂಸರ್ ಮ್ಯಾನುಯಲ್ಲಿನಲ್ಲಿ ಬಳಸುವ ಕ್ರಮ, ಸ್ವಚ್ಛಗೊಳಿಸುವ ಕ್ರಮ, ಅಲಾರಂಗಳ ಅರ್ಥ ಇರುತ್ತವೆ. ಸರ್ವಿಸ್ ಮ್ಯಾನುಯಲ್ಲಿನಲ್ಲಿ ಬಿಚ್ಚುವ ಕ್ರಮ, ಕ್ಯಾಲಿಬ್ರೇಶನ್ (ಅಳತೆ ಸರಿಹೊಂದಿಸುವುದು), ಟೆಸ್ಟ್ ಪಾಯಿಂಟ್‌ನ ವೋಲ್ಟೇಜು, ಪಾರ್ಟ್ ನಂಬರುಗಳು. ಸರ್ಕ್ಯೂಟ್ ನಕ್ಷೆ ಇರುವುದು ಹಳೆಯ ಮ್ಯಾನುಯಲ್‌ಗಳಲ್ಲೇ ಹೆಚ್ಚು. ಈಚಿನವು ಇಡೀ ಬೋರ್ಡು ಬದಲಿಸಿ ಎಂದು ಹೇಳಿ ಮುಗಿಸುತ್ತವೆ. ಹಾಗೆಂದು ಯೂಸರ್ ಮ್ಯಾನುಯಲ್ಲನ್ನು ಕಡೆಗಣಿಸಬೇಡಿ. ತಾಂತ್ರಿಕ ವಿವರದ ಪುಟ, ಫ್ಯೂಸಿನ ಅಳತೆ, ಎರರ್ ಕೋಡ್ ಪಟ್ಟಿ ಅದರ ಕೊನೆಯಲ್ಲೇ ಇರುತ್ತವೆ, ಸಣ್ಣಪುಟ್ಟ ರಿಪೇರಿಗೆ ಅಷ್ಟು ಸಾಕಾಗುತ್ತದೆ.

ಹುಡುಕುವ ಕ್ರಮ

ಮಾಡೆಲ್ ನಂಬರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ಸರ್ವಿಸ್ ಮ್ಯಾನುಯಲ್ ಎಂದು, ಅದರ ಪಕ್ಕ ಫೈಲ್‌ಟೈಪ್ ಕೋಲನ್ ಪಿಡಿಎಫ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಕೋಲನ್ನಿನ ಆಚೆ ಈಚೆ ಜಾಗ ಬಿಡಬೇಡಿ. ಇದರಿಂದ ಮಾರಾಟದ ಪುಟಗಳು ಹೋಗಿ ಪಿಡಿಎಫ್ ಕಡತಗಳು ಮಾತ್ರ ಉಳಿಯುತ್ತವೆ. ಬಿಪಿಎಲ್ ಕಾರ್ಡಿಯಾರ್ಟ್ 6108ಟಿ ಇಸಿಜಿ ಎಂದಿಟ್ಟುಕೊಳ್ಳಿ. ಇದನ್ನು 6108ಟಿ ಎಂದು ಕೂಡಿಸಿ, 6108 ಟಿ ಎಂದು ಬಿಡಿಸಿ, ನಡುವೆ ಅಡ್ಡಗೆರೆ ಹಾಕಿ, ಹೀಗೆ ಮೂರೂ ರೀತಿ ಹುಡುಕಬೇಕು. ಸೊನ್ನೆ ಮತ್ತು ಇಂಗ್ಲಿಷಿನ ಓ, ಒಂದು ಮತ್ತು ಐ ಅದಲುಬದಲಾಗಿವೆಯೇ ಎಂದೂ ನೋಡಿ.

ಸಿಗದಿದ್ದರೆ ಸರ್ವಿಸ್ ಎಂಬಲ್ಲಿ ಟೆಕ್ನಿಕಲ್, ಮೇಂಟೆನೆನ್ಸ್, ರಿಪೇರ್, ಪಾರ್ಟ್ಸ್ ಲಿಸ್ಟ್, ಸ್ಕೀಮ್ಯಾಟಿಕ್ ಎಂದು ಬದಲಿಸುತ್ತ ಹೋಗಿ. ದಕ್ಷಿಣ ಅಮೆರಿಕದ ತಂತ್ರಜ್ಞರು ಹಾಕಿದ ಕಡತಗಳೂ ಬಹಳ ಇವೆ, ಹಾಗಾಗಿ ಸ್ಪ್ಯಾನಿಶ್‌ನಲ್ಲಿ ಮ್ಯಾನುಯಲ್ ದೆ ಸರ್ವಿಸಿಯೊ ಎಂದೂ ಒಮ್ಮೆ ಹಾಕಿ ನೋಡಿ. ನಕ್ಷೆ ಯಾವ ಭಾಷೆಯಲ್ಲಿದ್ದರೂ ನಕ್ಷೆಯೇ.

ನೇರವಾಗಿ ಹೋಗಬೇಕಾದ ಜಾಗಗಳೂ ಇವೆ. ಫ್ರಾಂಕ್ಸ್ ಹಾಸ್ಪಿಟಲ್ ವರ್ಕ್‌ಶಾಪ್ ಎಂಬ ತಾಣದಲ್ಲಿ ಮಷೀನಿನ ಬಗೆಯ ಪ್ರಕಾರ ಸರ್ವಿಸ್ ಮ್ಯಾನುಯಲ್‌ಗಳು, ತರಬೇತಿ ಪಾಠಗಳು ಎಲ್ಲ ಉಚಿತವಾಗಿವೆ. ಆಟೋಕ್ಲೇವ್ (ಹಬೆಯಿಂದ ಉಪಕರಣ ಶುದ್ಧಿ ಮಾಡುವುದು), ಸಕ್ಷನ್, ಸೆಂಟ್ರಿಫ್ಯೂಜ್, ಮೈಕ್ರೋಸ್ಕೋಪ್‌ನಂಥ ಮೂಲ ಸಾಧನಗಳ ರಿಪೇರಿ ಕಲಿಯುವವರು ಇಲ್ಲಿಂದಲೇ ಶುರು ಮಾಡಬೇಕು. ರಿಪೇರಿ ಮಾಹಿತಿ ಕೊಡುವ ಐಫಿಕ್ಸಿಟ್ ಸಂಸ್ಥೆ ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ವೈದ್ಯಕೀಯ ಸಾಧನಗಳ ಮ್ಯಾನುಯಲ್ ಸಂಗ್ರಹ ತೆರೆಯಿತು. ಶುರುವಿನಲ್ಲೇ 13,000ಕ್ಕೂ ಹೆಚ್ಚು ಕಡತಗಳಿದ್ದವು. ವೆಂಟಿಲೇಟರ್, ಅನಸ್ತೇಷಿಯ, ಮಾನಿಟರ್ ವಿಭಾಗ ಅದರಲ್ಲಿ ಚೆನ್ನಾಗಿದೆ. ಮ್ಯಾನುಯಲ್ಸ್‌ಲಿಬ್‌ನಲ್ಲಿ ಯೂಸರ್ ಮ್ಯಾನುಯಲ್‌ಗಳು ಹೆಚ್ಚು. ಪ್ರಯೋಗಾಲಯದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಲ್ಯಾಬ್ ಸಾಧನಗಳ ನಿರ್ವಹಣಾ ಕೈಪಿಡಿಯ ಎರಡನೇ ಆವೃತ್ತಿ ಬಹಳ ಉಪಯುಕ್ತ. ಯಾವ ಕಂಪನಿಯ ಸಾಧನವಾದರೂ ಏನು ಕೆಡುತ್ತದೆ, ಯಾಕೆ, ಏನು ಮಾಡಬೇಕು ಎಂದು ಕೋಷ್ಟಕದಲ್ಲಿ ಹೇಳುತ್ತದೆ.

ಕಂಪನಿಯ ಹಳೆಯ ಪುಟ ತೆರೆಯದೆ ದೋಷ ತೋರಿಸಿದರೆ ಆ ವಿಳಾಸವನ್ನು ನಕಲು ಮಾಡಿ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ. ಹತ್ತು ಹದಿನೈದು ವರ್ಷದ ಹಿಂದಿನ ಪುಟ, ಅದರೊಳಗಿನ ಪಿಡಿಎಫ್ ಸಮೇತ, ಅಲ್ಲಿ ಉಳಿದಿರುವುದುಂಟು. ವೈಫೈ ಅಥವಾ ಬ್ಲೂಟೂತ್ ಇರುವ ಸಾಧನದ ಮೇಲೆ ಎಫ್‌ಸಿಸಿ ಐಡಿ ಬರೆದಿದ್ದರೆ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ತಾಣದಲ್ಲಿ ಅದನ್ನು ಹುಡುಕಿ. ಒಳಗಿನ ಬೋರ್ಡುಗಳ ಫೋಟೊ ಹಲವು ಸಲ ಅಲ್ಲಿ ಸಿಗುತ್ತದೆ, ಬಿಚ್ಚುವ ಮುಂಚೆ ಒಳಗೇನಿದೆ ಎಂದು ಗೊತ್ತಾಗುತ್ತದೆ.

ಕಂಪನಿ ಹೆಸರು ಬದಲಾಗಿದ್ದರೆ

ಹಳೆ ಮಷೀನಿನ ಮೇಲಿರುವ ಕಂಪನಿ ಇವತ್ತು ಆ ಹೆಸರಿನಲ್ಲಿ ಇಲ್ಲದೆ ಇರಬಹುದು. ಎಲ್ ಆ್ಯಂಡ್ ಟಿ ಹೆಸರಿನ ಮಾನಿಟರುಗಳು ನಮ್ಮ ಭಾಗದ ನರ್ಸಿಂಗ್ ಹೋಮ್‌ಗಳಲ್ಲಿ ಇನ್ನೂ ಕಾಣುತ್ತವೆ. ಆ ವೈದ್ಯಕೀಯ ವಿಭಾಗವನ್ನು 2012ರಲ್ಲಿ ಮೈಸೂರಿನ ಸ್ಕ್ಯಾನ್‌ರೇ ಕೊಂಡುಕೊಂಡಿತು, ಮ್ಯಾನುಯಲ್ ಕೇಳಬೇಕಾದದ್ದು ಅವರನ್ನು. ಎಚ್‌ಪಿ ಕಂಪನಿಯ ವೈದ್ಯಕೀಯ ಸಾಧನಗಳು 1999ರಲ್ಲಿ ಎಜಿಲೆಂಟ್ ಆಗಿ, 2001ರಲ್ಲಿ ಫಿಲಿಪ್ಸ್‌ಗೆ ಸೇರಿದವು. ಎಂ ಅಕ್ಷರದಿಂದ ಶುರುವಾಗುವ ಮಾಡೆಲ್ ನಂಬರ್ ಹಾಗೆಯೇ ಮುಂದುವರಿದ ಕಾರಣ ಫಿಲಿಪ್ಸ್ ಹೆಸರಿನಲ್ಲಿ ಹುಡುಕಿದರೆ ಸಿಗುತ್ತದೆ. ರೆಸ್ಪಿರೋನಿಕ್ಸ್ 2008ರಲ್ಲಿ ಫಿಲಿಪ್ಸ್‌ಗೆ, ಡೇಟಾಸ್ಕೋಪ್‌ನ ಮಾನಿಟರ್ ವಿಭಾಗ ಅದೇ ವರ್ಷ ಮೈಂಡ್ರೇಗೆ ಹೋದವು. ನೆಲ್‌ಕಾರ್ ಮತ್ತು ಪ್ಯೂರಿಟನ್ ಬೆನೆಟ್ ಸಾಧನಗಳು ಕೋವಿಡಿಯನ್ ಮೂಲಕ 2015ರಲ್ಲಿ ಮೆಡ್‌ಟ್ರಾನಿಕ್‌ಗೆ ಬಂದವು. ಡೇಟೆಕ್ಸ್-ಒಹ್ಮೆಡಾ ಈಗ ಜಿಇ. ಹಳೆ ಹೆಸರು, ಹೊಸ ಹೆಸರು ಎರಡರಲ್ಲೂ ಹುಡುಕಿ.

ಸಿಕ್ಕಿದ್ದು ನಿಮ್ಮ ಮಷೀನಿನದ್ದೇ?

ಇಲ್ಲಿ ಅವಸರ ಮಾಡಬಾರದು. ಹತ್ತಿರದ ಮಾಡೆಲ್ಲಿನ ಮ್ಯಾನುಯಲ್ ಇಟ್ಟುಕೊಂಡು ಮಾಡಿದ ರಿಪೇರಿ ರೋಗಿಗೆ ಅಪಾಯ. ಮೊದಲ ಪುಟದ ಮಾಡೆಲ್, ಎರಡನೇ ಪುಟದ ಆವೃತ್ತಿ ಮತ್ತು ದಿನಾಂಕ ನೋಡಿ. ಇಂಥ ಸೀರಿಯಲ್ ನಂಬರಿನಿಂದ ಮುಂದಿನವುಗಳಿಗೆ ಮಾತ್ರ ಎಂಬ ಸಾಲು ಇದೆಯೇ ನೋಡಿ. ಒಂದೇ ಎರರ್ ಕೋಡಿಗೆ ಸಾಫ್ಟ್‌ವೇರಿನ ಎರಡು ಆವೃತ್ತಿಗಳಲ್ಲಿ ಎರಡು ಅರ್ಥ ಇರುವುದುಂಟು.

ಅಮೆರಿಕದಿಂದ ಬಂದ ಮ್ಯಾನುಯಲ್ ಆದರೆ ಅದು 115 ವೋಲ್ಟ್, 60 ಹರ್ಟ್ಸ್ ಮಷೀನಿಗೆ ಬರೆದದ್ದಾಗಿರಬಹುದು. ನಮ್ಮದು 230 ವೋಲ್ಟ್, 50 ಹರ್ಟ್ಸ್. ಕಂಪ್ರೆಸರ್, ಮೋಟರ್ ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್, ಫ್ಯಾನ್ ಇವುಗಳ ಪಾರ್ಟ್ ನಂಬರ್ ಎರಡರಲ್ಲಿ ಬೇರೆ. ಫ್ಯೂಸಿನ ಆಂಪಿಯರ್ ಕೂಡ ನಮ್ಮಲ್ಲಿ ಹೆಚ್ಚುಕಡಿಮೆ ಅರ್ಧ. ಫ್ಯೂಸ್ ಮೇಲಿನ ಅಕ್ಷರಗಳನ್ನೂ ಓದಿ: ಟಿ ಎಂದರೆ ತಡೆದು ಹೋಗುವ ಫ್ಯೂಸು, ಎಫ್ ಎಂದರೆ ತಕ್ಷಣ ಹೋಗುವುದು. ಟಿ ಇರುವಲ್ಲಿ ಎಫ್ ಹಾಕಿದರೆ ಮೋಟರ್ ಚಾಲೂ ಆಗುವ ಜಗ್ಗಿಗೇ ಸುಟ್ಟುಹೋಗುತ್ತದೆ, ಆಗ ಜನ ಬೇಸತ್ತು ತಂತಿಯ ಎಳೆ ಸುತ್ತುತ್ತಾರೆ. ಆಸ್ಪತ್ರೆಯ ಮಷೀನಿಗೆ ಎಂದಿಗೂ ಎಳೆ ಸುತ್ತಬೇಡಿ.

ಇಸಿಜಿ ತಂತಿಯ ಬಣ್ಣದಲ್ಲಿ ಇನ್ನೊಂದು ಬಲೆ ಇದೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಐಇಸಿ ಎಂಬ ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಬಲಗೈ ಕೆಂಪು, ಎಡಗೈ ಹಳದಿ, ಎಡಗಾಲು ಹಸಿರು, ಬಲಗಾಲು ಕಪ್ಪು. ಅಮೆರಿಕದ ಪದ್ಧತಿಯಲ್ಲಿ ಬಲಗೈ ಬಿಳಿ, ಎಡಗೈ ಕಪ್ಪು, ಎಡಗಾಲು ಕೆಂಪು, ಬಲಗಾಲು ಹಸಿರು. ಅಲ್ಲಿಯ ಚಿತ್ರ ನೋಡಿ ಇಲ್ಲಿಯ ಕೇಬಲ್ ಬೆಸುಗೆ ಹಾಕಿದರೆ ಇಡೀ ಇಸಿಜಿಯೇ ತಪ್ಪಾಗಿ ಬರುತ್ತದೆ, ಮಷೀನು ಮಾತ್ರ ಎಲ್ಲ ಸರಿ ಇದೆ ಎಂದೇ ತೋರಿಸುತ್ತಿರುತ್ತದೆ.

ಅಳತೆಯ ಮಾನಗಳನ್ನೂ ಹೊಂದಿಸಿಕೊಳ್ಳಿ. ಆಟೋಕ್ಲೇವ್ 121 ಡಿಗ್ರಿಗೆ 15 ಪಿಎಸ್‌ಐ ಎಂದು ಮ್ಯಾನುಯಲ್ ಹೇಳಿದರೆ, ನಿಮ್ಮ ಗೇಜು ಕೆಜಿ ಪ್ರತಿ ಚದರ ಸೆಂಟಿಮೀಟರಿನಲ್ಲಿದ್ದರೆ ಅದು ಸುಮಾರು 1.05. ಸಕ್ಷನ್ ಮಷೀನಿನ ವಿಷಯದಲ್ಲಿ ನಮ್ಮ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 720 ಮಿಲಿಮೀಟರ್ ಪಾದರಸ. ಎಷ್ಟೇ ಒಳ್ಳೆಯ ಪಂಪಾದರೂ ಗೇಜಿನಲ್ಲಿ 760 ಬರಲಾರದು. ಬೀದರ್ ಇನ್ನೂ ಎತ್ತರ, ಅಲ್ಲಿ ಇನ್ನೂ ಕಡಿಮೆ. ಮುಂಬೈಯಲ್ಲಿ ಪರೀಕ್ಷಿಸಿ ಬರೆದ ಅಂಕಿಗಿಂತ ನಲವತ್ತು ಕಡಿಮೆ ಬಂತೆಂದು ಸರಿಯಿರುವ ಪಂಪನ್ನು ಬಿಚ್ಚಬೇಡಿ.

ಮ್ಯಾನುಯಲ್ಲಿನ ಬಳಕೆಯ ಪರಿಸ್ಥಿತಿ ಎಂಬ ಪುಟವನ್ನು ಯಾರೂ ಓದುವುದಿಲ್ಲ. ನಮ್ಮ ಬಿಸಿಲಿನ ನಾಡಿನಲ್ಲಿ ಮೊದಲು ಓದಬೇಕಾದದ್ದೇ ಅದು. ಬಹಳಷ್ಟು ಸಾಧನಗಳಿಗೆ 40 ಡಿಗ್ರಿಯೇ ಕೊನೆಯ ಮಿತಿ, ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯಲ್ಲೂ ಯಾದಗಿರಿಯಲ್ಲೂ ಹೊರಗಿನ ಉಷ್ಣಾಂಶವೇ ಅದನ್ನು ದಾಟುತ್ತದೆ. ಗೋಡೆಗೆ ಒತ್ತಿ ಇಟ್ಟ ಕಾನ್ಸಂಟ್ರೇಟರು ಮಧ್ಯಾಹ್ನ ತಾನಾಗಿ ಬಂದ್ ಆಗಿ ಸಂಜೆ ಚಾಲೂ ಆದರೆ ದೋಷ ಮಷೀನಿನಲ್ಲಿ ಇರದೆ ಇಟ್ಟ ಜಾಗದಲ್ಲೇ ಇರಬಹುದು. ಹಾಗೆಯೇ 230 ವೋಲ್ಟ್, ಹೆಚ್ಚುಕಡಿಮೆ ಶೇಕಡಾ 10 ಎಂದಿದ್ದರೆ 207ರಿಂದ 253ರ ನಡುವೆ ಇರಬೇಕು ಎಂದರ್ಥ. ಮಷೀನು ಓಡುತ್ತಿರುವಾಗಲೇ ಸಾಕೆಟ್ಟಿನಲ್ಲಿ ಅಳೆಯಿರಿ, ಖಾಲಿ ಸಾಕೆಟ್ಟಿನ ಅಂಕಿ ಮೋಸ ಮಾಡುತ್ತದೆ. ಸೇಡಂ, ವಾಡಿ, ಚಿತ್ತಾಪುರ ಸುಣ್ಣದಕಲ್ಲಿನ ನೆಲ, ಬೋರಿನ ನೀರು ಗಡಸು. ಮ್ಯಾನುಯಲ್ ಡಿಸ್ಟಿಲ್ಡ್ ವಾಟರ್ ಎಂದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಆಟೋಕ್ಲೇವಿನ ಹೀಟರ್ ಕಾಯಿಲಿನ ಮೇಲೆ ಬಿಳಿ ಪದರ ಕಟ್ಟಿ ಕಾಯಿಲು ಒಳಗೊಳಗೇ ಸುಡುತ್ತದೆ.

ಒಂದು ಕಾನ್ಸಂಟ್ರೇಟರನ್ನು ಎದುರಿಗಿಟ್ಟುಕೊಂಡು

2021ರ ಎರಡನೇ ಅಲೆಯಲ್ಲಿ ಬಂದ, ನಿಮಿಷಕ್ಕೆ 5 ಲೀಟರ್ ಕೊಡುವ ಕಾನ್ಸಂಟ್ರೇಟರುಗಳು ಎಷ್ಟೋ ಆಸ್ಪತ್ರೆಗಳ ಸ್ಟೋರ್ ಖೋಲಿಯಲ್ಲಿ ಕೂತಿವೆ. “ಸರ್, ಮಷೀನ್ ಚಾಲೂ ಆಗ್ತದ, ಆದ್ರ ಹಳದಿ ಲೈಟ್ ಹೋಗವಲ್ದು ನೋಡ್ರಿ” ಎಂದು ಸಿಸ್ಟರ್ ಫೋನ್ ಮಾಡುತ್ತಾರೆ. ಹಳದಿ ಲೈಟು ಸಾಮಾನ್ಯವಾಗಿ ಆಮ್ಲಜನಕದ ಪ್ರಮಾಣ ಕಡಿಮೆ ಎಂದು. ಆದರೂ ನಿಮ್ಮ ಮಾಡೆಲ್ಲಿನ ಕೋಷ್ಟಕದಲ್ಲಿ ಖಾತ್ರಿ ಮಾಡಿಕೊಳ್ಳಿ.

ಹಿಂದಿನ ಸ್ಪಂಜಿನ ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ. ಒಳಗಿನ ಇನ್‌ಟೇಕ್ ಫಿಲ್ಟರನ್ನು ತೊಳೆಯಬಾರದು, ಬದಲಿಸಬೇಕು. ಆಮೇಲೆ 5 ಲೀಟರಿಗೆ ಇಟ್ಟು 15ರಿಂದ 20 ನಿಮಿಷ ಓಡಿಸಿ ಆಮ್ಲಜನಕದ ಅನಲೈಜರಿನಲ್ಲಿ ಅಳೆಯಿರಿ. ಚೆನ್ನಾಗಿರುವ ಮಷೀನು ಶೇಕಡಾ 93ರ ಆಸುಪಾಸು ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಕನಿಷ್ಠ ಮಟ್ಟ ಶೇಕಡಾ 82. ಅದಕ್ಕಿಂತ ಕಡಿಮೆ ಬಂದರೆ ರೋಗಿಗೆ ಹಚ್ಚಬೇಡಿ. 2 ಲೀಟರಿನಲ್ಲಿ ಸರಿಯಾಗಿದ್ದು 5 ಲೀಟರಿನಲ್ಲಿ ಬಿದ್ದರೆ ಕಂಪ್ರೆಸರ್ ಸೋತಿದೆ, ಇಲ್ಲವೇ ಸೋರಿಕೆಯಿದೆ, ಇಲ್ಲವೇ ಗಾಳಿಯಿಂದ ನೈಟ್ರೋಜನ್ ಹಿಡಿದಿಡುವ ಸೀವ್ ಬೆಡ್ ಕೆಟ್ಟಿದೆ. ಸೋರಿಕೆ ಹುಡುಕಲು ಪೈಪಿನ ಜೋಡಣೆಗಳಿಗೆ ಸಾಬೂನು ನೀರನ್ನು ಬ್ರಷ್ಷಿನಲ್ಲಿ ಹಚ್ಚಿ, ಬೋರ್ಡಿನ ಕಡೆ ಒಂದು ಹನಿಯೂ ಬೀಳದಂತೆ.

ಮಷೀನು ಗುಂಯ್ ಎಂದು ನಿಂತುಬಿಟ್ಟರೆ, ವೋಲ್ಟೇಜು ಸರಿಯಿದ್ದರೆ, ಕಂಪ್ರೆಸರಿನ ಕೆಪಾಸಿಟರ್ ನೋಡಿ. ಪ್ಲಗ್ ತೆಗೆದು, ಕೆಪಾಸಿಟರನ್ನು ರೆಸಿಸ್ಟರ್ ಹಚ್ಚಿ ಡಿಸ್‌ಚಾರ್ಜ್ ಮಾಡಿ, ಒಂದು ತಂತಿ ಬಿಚ್ಚಿ ಅಳೆಯಿರಿ. ಮೈಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ಶೇಕಡಾ 10ಕ್ಕೂ ಹೆಚ್ಚು ಇಳಿದಿದ್ದರೆ ಅಷ್ಟೇ ಮೈಕ್ರೋಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜಿನ ಹೊಸದು ಹಾಕಿ. ಹೈದರಾಬಾದ್ ಕೋಠಿಯ ಗುಜರಾತಿ ಗಲ್ಲಿಯಲ್ಲೋ ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಇಂಥ ಸಾಮಾನು ಸಿಗುತ್ತವೆ. ಹಳೆಯದರ ಫೋಟೊ ಮತ್ತು ಅಳತೆ ಎರಡೂ ಜೊತೆಗಿರಲಿ.

ಸೀವ್ ಬೆಡ್‌ನಲ್ಲಿರುವ ಜಿಯೋಲೈಟ್ ಕಾಳುಗಳು ತೇವ ಹೀರಿದರೆ ನೈಟ್ರೋಜನ್ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತವೆ. ವರ್ಷಗಟ್ಟಲೆ ಸುಮ್ಮನೆ ಇಟ್ಟ ಮಷೀನಿಗೆ ಬರುವ ರೋಗ ಇದೇ. ಮಳೆಗಾಲದಲ್ಲೂ ಸೇರಿ ತಿಂಗಳಿಗೊಮ್ಮೆ ಕೆಲವು ಗಂಟೆ ಓಡಿಸಿ. ಬೆಡ್ ಬದಲಿಸಲೇಬೇಕಾದಾಗ ಹೊಸದರ ಮುಚ್ಚಳಗಳನ್ನು ಜೋಡಿಸುವ ಕ್ಷಣದವರೆಗೂ ತೆಗೆಯಬೇಡಿ.

ಮ್ಯಾನುಯಲ್ ಸಿಗಲೇ ಇಲ್ಲವಾದರೆ

ಮಷೀನಿನದ್ದು ಸಿಗದಿದ್ದರೂ ಒಳಗಿನ ಬಿಡಿಭಾಗದ್ದು ಸಿಗುತ್ತದೆ. ಪವರ್ ಸಪ್ಲೈ ಬಹಳ ಸಲ ಬೇರೆ ಕಂಪನಿಯ ಸಿದ್ಧ ಮಾಡ್ಯೂಲ್ ಆಗಿರುತ್ತದೆ, ಮೇಲೆ ತನ್ನದೇ ನಂಬರ್, 5, 12, 24 ಎಂದು ಔಟ್‌ಪುಟ್ ವೋಲ್ಟೇಜು ಬರೆದಿರುತ್ತದೆ. ಅದರ ಡೇಟಾಶೀಟ್ ಇಳಿಸಿಕೊಂಡು ಅಳೆದರೆ ದೋಷ ಅಲ್ಲಿದೆಯೋ ಮುಂದಿದೆಯೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಕೂಸುಗಳ ವಾರ್ಮರಿನ ಚರ್ಮದ ಪ್ರೋಬ್ ಇನ್ನೊಂದು ಒಳ್ಳೆಯ ಉದಾಹರಣೆ. ಪ್ರೋಬನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. 400 ಸೀರೀಸ್ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ಓಮ್ ಬದಲಾಗುವ ಸೆನ್ಸರ್) ಆದರೆ 25 ಡಿಗ್ರಿಯಲ್ಲಿ 2252 ಓಮ್, 37 ಡಿಗ್ರಿಯ ನೀರಿನಲ್ಲಿ ಸುಮಾರು 1355 ಓಮ್. ಬಿಸಿ ಏರಿದಂತೆ ಓಮ್ ಇಳಿಯಬೇಕು. ಪ್ಲಾಟಿನಂ ತಂತಿಯ ಪಿಟಿ-100 ಸೆನ್ಸರ್ ಆದರೆ 37 ಡಿಗ್ರಿಗೆ ಸುಮಾರು 114 ಓಮ್, ಬಿಸಿ ಏರಿದರೆ ಓಮೂ ಏರುತ್ತದೆ. ಏನೂ ತೋರದಿದ್ದರೆ ತಂತಿ ಹೆಚ್ಚಾಗಿ ಪ್ಲಗ್ಗಿನ ಬುಡದಲ್ಲೇ ತುಂಡಾಗಿರುತ್ತದೆ. ಪ್ಲಗ್ ಕೂಡುತ್ತದೆ ಎಂಬ ಕಾರಣಕ್ಕೆ ಬೇರೆ ಜಾತಿಯ ಪ್ರೋಬ್ ಹಾಕಬಾರದು. ವಾರ್ಮರು ಕೂಸು ತಣ್ಣಗಿದೆ ಎಂದು ತಪ್ಪು ತಿಳಿದು ಹೀಟರ್ ಏರಿಸುತ್ತಲೇ ಹೋಗಬಹುದು. ಪಲ್ಸ್ ಆಕ್ಸಿಮೀಟರಿನ ಸೆನ್ಸರಿಗೂ ಇದೇ ಮಾತು: ಒಂಬತ್ತು ಪಿನ್ನಿನ ಕನೆಕ್ಟರ್ ಒಂದೇ ಥರ ಕಂಡರೂ ಒಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ.

ಕೈ ಹಾಕಬಾರದ ಕೆಲಸ

ಮ್ಯಾನುಯಲ್ ಇದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಬಿಚ್ಚುವ ಹಕ್ಕು ಬರುವುದಿಲ್ಲ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಪ್ರಾಣ ತೆಗೆಯಬಲ್ಲದು. ವೆಂಟಿಲೇಟರ್, ಅನಸ್ತೇಷಿಯ, ಡಯಾಲಿಸಿಸ್ ಮಷೀನುಗಳ ಒಳಭಾಗ ತರಬೇತಿ ಮತ್ತು ಟೆಸ್ಟ್ ಉಪಕರಣ ಎರಡೂ ಇಲ್ಲದವರಿಗೆ ಅಲ್ಲ. ಎಕ್ಸ್‌ರೇ ಮಷೀನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಇ-ಲೋರಾ ಎಂಬ ಆನ್‌ಲೈನ್ ಪರವಾನಗಿ ವ್ಯವಸ್ಥೆಯಡಿ ಬರುತ್ತದೆ, ಅಧಿಕೃತ ಸರ್ವಿಸ್ ಇಂಜಿನಿಯರನ್ನೇ ಕರೆಸಿ. ಸೋನೋಗ್ರಫಿ ಮಷೀನು ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾದದ್ದು. ಅದನ್ನು ರಿಪೇರಿಗೆಂದು ಆಸ್ಪತ್ರೆಯಿಂದ ಹೊರಗೆ ಒಯ್ಯುವ ಮುಂಚೆ ಜಿಲ್ಲೆಯ ಸಕ್ಷಮ ಪ್ರಾಧಿಕಾರವನ್ನು ಲಿಖಿತವಾಗಿ ಕೇಳಿ.

ಸರ್ವಿಸ್ ಮೆನುವಿನ ಪಾಸ್‌ವರ್ಡ್ ಸಿಕ್ಕರೆ ಒಳಹೋಗುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದಿಡಿ. ಫ್ಯಾಕ್ಟರಿ ರೀಸೆಟ್ ಒತ್ತಿದರೆ ಕ್ಯಾಲಿಬ್ರೇಶನ್ ಅಳಿಸಿಹೋಗಬಹುದು, ಇನ್‌ಫ್ಯೂಷನ್ ಪಂಪಿನಲ್ಲಿ ಅದರ ಅರ್ಥ ಔಷಧದ ಪ್ರಮಾಣವೇ ತಪ್ಪುವುದು.

ಸರ್ಕಾರಿ ಆಸ್ಪತ್ರೆಯಾದರೆ ಮೊದಲು ದೂರು ದಾಖಲಿಸಿ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2015ರಲ್ಲಿ ಶುರುವಾದ ಬಯೋಮೆಡಿಕಲ್ ಸಾಧನ ನಿರ್ವಹಣಾ ಕಾರ್ಯಕ್ರಮದ ಗುರಿಯ ಪ್ರಕಾರ ಜಿಲ್ಲಾ ಆಸ್ಪತ್ರೆಯಲ್ಲಿ ಶೇಕಡಾ 95, ಸಮುದಾಯ ಆರೋಗ್ಯ ಕೇಂದ್ರದಲ್ಲಿ 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 80ರಷ್ಟು ಸಮಯ ಸಾಧನ ಚಾಲೂ ಇರಬೇಕು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಕೇಳುವ ಹಿಡಿತ ಇರುವುದಿಲ್ಲ. ವಾರಂಟಿ ಇರುವ ಮಷೀನಿನ ಸ್ಟಿಕ್ಕರ್ ಹರಿಯಬೇಡಿ.

ಯಾವ ರಿಪೇರಿಯಾದರೂ ವಾರ್ಡಿಗೆ ಕಳಿಸುವ ಮುಂಚೆ ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಮಷೀನಿನ ಲೋಹದ ಮೈವರೆಗೆ ಓಮ್ ನೋಡಿ. ರಿಪೇರಿಯ ನಂತರದ ಸುರಕ್ಷತಾ ಪರೀಕ್ಷೆಯ ಮಾನದಂಡ ಐಇಸಿ 62353 ಪ್ರಕಾರ ಕೇಬಲ್ ಸೇರಿ 0.3 ಓಮ್ ಮೀರಬಾರದು. ಮಲ್ಟಿಮೀಟರಿನ ತಂತಿಗಳದ್ದೇ ಓಮ್ ಎಷ್ಟೆಂದು ಮೊದಲು ಅಳೆದು ಕಳೆಯಿರಿ.

ಕಂಪನಿಯನ್ನು ಕೇಳುವುದು, ಕಡತ ಕಾಪಿಡುವುದು

ಇಮೇಲ್ ಬರೆಯುವಾಗ ಮಾಡೆಲ್, ಸೀರಿಯಲ್, ಸಾಫ್ಟ್‌ವೇರ್ ಆವೃತ್ತಿ, ಕೊಂಡ ಆದೇಶದ ದಿನಾಂಕ, ಲೇಬಲ್ಲಿನ ಫೋಟೊ, ಯಾವ ಮ್ಯಾನುಯಲ್ ಬೇಕು ಎಂಬುದನ್ನು ಒಂದೇ ಪತ್ರದಲ್ಲಿ ಕೊಡಿ. ಆಸ್ಪತ್ರೆಯ ಲೆಟರ್‌ಹೆಡ್ ಇದ್ದರೆ ಉತ್ತರ ಬೇಗ ಬರುತ್ತದೆ. ಎಕ್ಸ್‌ರೇ ಸಾಧನಗಳಿಗೆ ಅಮೆರಿಕದ 21 ಸಿಎಫ್‌ಆರ್ 1020.30 ನಿಯಮ ಜೋಡಣೆ, ಹೊಂದಿಕೆ, ಪರೀಕ್ಷೆಯ ಮಾಹಿತಿಯನ್ನು ಮುದ್ರಣ ಮತ್ತು ಕಳಿಸುವ ಖರ್ಚಿಗಿಂತ ಹೆಚ್ಚು ಕೇಳದೆ ಕೊಡಬೇಕೆನ್ನುತ್ತದೆ. ಅದು ನಮ್ಮಲ್ಲಿ ಕಾನೂನಲ್ಲವಾದರೂ ಅಂಥ ಪುಸ್ತಕ ಇದೆ ಎಂಬುದಂತೂ ಅದರಿಂದ ಖಾತ್ರಿ, ಹೆಸರು ಹೇಳಿ ಕೇಳಬಹುದು. ಎಲ್ಲಕ್ಕಿಂತ ಸುಲಭದ ದಾರಿ ಕೊಳ್ಳುವ ದಿನವೇ ಇದೆ: ಖರೀದಿ ಆದೇಶದಲ್ಲಿ ಯೂಸರ್ ಮತ್ತು ಸರ್ವಿಸ್ ಮ್ಯಾನುಯಲ್ ಎರಡೂ ಪಿಡಿಎಫ್ ಸಮೇತ ಕೊಡಬೇಕು, ಅವು ಬಂದ ಮೇಲೆಯೇ ಕೊನೆಯ ಕಂತು ಎಂದು ಬರೆಸಿ.

ಗ್ರೂಪುಗಳಲ್ಲಿ ಸಹಾಯ ಕೇಳುವಾಗ ಮಾನಿಟರಿನ ಪರದೆಯ ಮೇಲಿರುವ ರೋಗಿಯ ಹೆಸರು, ನಂಬರ್ ಮುಚ್ಚಿ ಫೋಟೊ ಹಾಕಿ. ಇಳಿಸಿದ ಕಡತದ ಕೊನೆಯಲ್ಲಿ ಪಿಡಿಎಫ್ ಬದಲು ಇಎಕ್ಸ್‌ಇ ಅಥವಾ ಎಪಿಕೆ ಎಂದಿದ್ದರೆ ತೆರೆಯದೆ ಅಳಿಸಿ, ಕ್ರೆಡಿಟ್ ಕಾರ್ಡ್ ಕೇಳುವ ಉಚಿತ ತಾಣ ಉಚಿತವಲ್ಲ.

ಕಡತದ ಹೆಸರನ್ನು ಕಂಪನಿ, ಮಾಡೆಲ್, ಬಗೆ, ಆವೃತ್ತಿ ಎಂಬ ಕ್ರಮದಲ್ಲಿ ಬದಲಿಸಿ ಇಡಿ. ಡಾಕ್ಯುಮೆಂಟ್ 1 ಎಂದೇ ಬಿಟ್ಟರೆ ಮುಂದಿನ ವರ್ಷ ಮತ್ತೆ ಹುಡುಕಬೇಕಾಗುತ್ತದೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ, ಒಂದು ಗೂಗಲ್ ಡ್ರೈವಿನಲ್ಲಿ. ಎರರ್ ಕೋಡ್ ಪಟ್ಟಿ, ಫ್ಯೂಸಿನ ಅಳತೆ, ಫಿಲ್ಟರ್ ಬದಲಿಸುವ ಅವಧಿ, ಬಿಡಿಭಾಗದ ನಂಬರ್ ಇರುವ ಪುಟಗಳನ್ನು ಮಾತ್ರ ಪ್ರಿಂಟ್ ತೆಗೆದು ಲ್ಯಾಮಿನೇಶನ್ ಮಾಡಿಸಿ ಮಷೀನಿನ ಟ್ರಾಲಿಗೆ ಕಟ್ಟಿ. ಅದರ ಹಿಂದೆ ಖಾಲಿ ಹಾಳೆಯೊಂದಿರಲಿ: ದಿನಾಂಕ, ದೋಷ, ಬದಲಿಸಿದ ಸಾಮಾನು, ಅಳತೆಯ ಅಂಕಿ, ಮಾಡಿದವರ ಸಹಿ.